ಪಾಲಾಗಬಾರದ ಜೋಡಿ

ಅತ್ತೆ (ಬೆಳಿಗ್ಗೆ 6:40): ನನಗೆ ಬಂದ ಸಂದೇಶವನ್ನು ಹಾಗೆಯೇ ಕಳಿಸಿದ್ದೇನೆ, ಎಲ್ಲರೂ ಓದಿ. ಒಟ್ಟಿಗೆ ಬೆಳೆದ ಜೋಡಿ ನಾಯಿಗಳನ್ನು ಬೇರ್ಪಡಿಸಿದರೆ ಒಂದು ವಾರದೊಳಗೆ ಒಂದು ಪ್ರಾಣ ಬಿಡುತ್ತದಂತೆ. ಮೈಸೂರಿನ ಮನೆಗೆ ಆಶ್ರಯಧಾಮದ ಜೋಡಿ ನಾಯಿ ತರುವ ಮಾತು ನಡೆದಿದೆಯಲ್ಲ, ಅದಕ್ಕೆ ಕಳಿಸಿದೆ. ಆ ನಾಯಿಗಳ ಫೋಟೋವೂ ಜೊತೆಗಿದೆ.

ಅಣ್ಣ (6:58): ಒಂದು ವಾರ ಎಂದು ಹೇಳಿದವರು ಯಾರು, ಅತ್ತೆ? ಅದರಲ್ಲಿ ಯಾವ ಪಶುವೈದ್ಯರ ಹೆಸರೂ ಇಲ್ಲ. ಬಿಸಿನೀರಿನ ಬಗ್ಗೆ ಕಳಿಸಿದಾಗಲೂ ಇದನ್ನೇ ಕೇಳಿದ್ದೆ.

ಅತ್ತೆ (7:02): ನಾನು ಏನು ಕಳಿಸಿದರೂ ನಿನ್ನದು ಇದೇ ಪ್ರಶ್ನೆ. ನಿನ್ನ ಅಪ್ಪ ಕಳಿಸಿದ್ದಕ್ಕೆ ನೀನು ಆಧಾರ ಕೇಳಿದ್ದನ್ನು ನಾನು ಕಂಡಿಲ್ಲ.

ದೊಡ್ಡಪ್ಪ (7:30): ಸಂದೇಶ ಉದ್ದವಾಗಿದ್ದರಿಂದ ಫೋಟೋ ಮಾತ್ರ ನೋಡಿದೆ. ಗೋಡೆಗೆ ಮುಖ ಮಾಡಿ ಮುದುರಿ ಕುಳಿತ ಈ ನಾಯಿಗಳು ಮನೆ ಕಾಯುವುದುಂಟೆ? ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲನ್ನು ನೆನೆಯಿರಿ: 949ರ ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕೆಂದು ಗಂಗರ ದೊರೆ ಬೂತುಗ ಕೇಳಿದಾಗ ಅವನ ಯೋಧ ಮಣಲೇರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು, ಅದು ಕಾಡುಹಂದಿಯೊಡನೆ ಸೆಣಸಿ ಸತ್ತಾಗ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ನಾಯಿ ಎಂದರೆ ಹಾಗಿರಬೇಕು. ಸಾಕಲೇಬೇಕೆಂದಿದ್ದರೆ ಎರಡರಲ್ಲಿ ಧೈರ್ಯದ್ದೊಂದನ್ನು ಆರಿಸಿ ತಂದರೆ ಸಾಕು.

ಚಿಕ್ಕಮ್ಮ (8:05): ಭಾವ, ಒಂದನ್ನು ಮಾತ್ರ ತಂದರೆ ಇನ್ನೊಂದಕ್ಕಿರುವ ಧೈರ್ಯವನ್ನೇ ಕಸಿದುಕೊಂಡ ಹಾಗೆ. ಮೂರು ಭಾನುವಾರ ಆಶ್ರಯಧಾಮಕ್ಕೆ ಹೋಗಿ ನೋಡಿದ್ದೇನೆ. ಕಂದು ನಾಯಿ ಬಂದು ನನ್ನ ಕೈ ಮೂಸಿ ಹಿಂದಿರುಗಿದ ಮೇಲೆಯೇ ಬಿಳಿಯದು ಎರಡು ಹೆಜ್ಜೆ ಮುಂದಿಡುತ್ತದೆ. ಕಂದು ನಾಯಿಯನ್ನು ಚುಚ್ಚುಮದ್ದಿಗೆಂದು ಒಯ್ದ ಅರ್ಧ ಗಂಟೆ ಬಿಳಿಯದು ಅನ್ನದ ತಟ್ಟೆಯ ಕಡೆ ತಿರುಗಲಿಲ್ಲ. ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ಮರಿಗಳಿಗೆ ಮನುಷ್ಯರ ಒಡನಾಟ ಸಿಗದಿದ್ದರೆ ದೊಡ್ಡವಾದ ಮೇಲೂ ಅಂಜಿಕೆ ಉಳಿಯಬಹುದು. ಹೊಡೆತ ತಿಂದೇ ಹೀಗಾಗಿವೆ ಎನ್ನಲಾಗದು. ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ ಕಿವಿಯಲ್ಲಿ ಕತ್ತರಿಸಿದ ಗುರುತಿದೆ. ರೇಬೀಸ್ ಲಸಿಕೆಯನ್ನು ವರ್ಷಕ್ಕೊಮ್ಮೆ ನಾವು ಹಾಕಿಸುತ್ತೇವೆ.

ಅತ್ತೆಯ ಮಗಳು (8:20): ಫೋಟೋ ನೋಡಿದೊಡನೆ ತೀರ್ಥಹಳ್ಳಿ ಮನೆಯ ಕೆಂಚ, ಕರಿಯ ನೆನಪಾದವು. ಮಳೆಗಾಲದಲ್ಲಿ ಬಚ್ಚಲೊಲೆಯ ಬೂದಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದವು. ನೀರು ಕಾಯಿಸಲು ಹೋದ ಅಜ್ಜಿ ಎರಡನ್ನೂ ಹೆಸರು ಹಿಡಿದು ಎಬ್ಬಿಸುತ್ತಿದ್ದರು. ಕರಿಯ ಆಮೇಲೆ ಎಲ್ಲಿಗೆ ಹೋಯಿತು?

ಚಿಕ್ಕಪ್ಪ (8:31): 1998ರಲ್ಲಿ ಮನೆ ಪಾಲಾದಾಗ ಕರಿಯ ಶಿವಮೊಗ್ಗಕ್ಕೆ ಹೋಯಿತು. ಪಾತ್ರೆಗಳ ಪಟ್ಟಿ ಮುಗಿದ ಮೇಲೆ, ನಾಯಿ ಎರಡಿವೆ, ಮನೆಗೊಂದಿರಲಿ ಎಂದವರು ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ.

ದೊಡ್ಡಪ್ಪ (8:34): ಬರೆದ ಹಾಗೆಯೇ ಆಯಿತು. ಅಂದು ನೀನೂ ಬೇಡವೆನ್ನಲಿಲ್ಲ.

ಅಣ್ಣ (8:40): ದಯವಿಟ್ಟು ಮೂಲ ಮಾತಿಗೆ ಬರೋಣ. ಬೀದಿನಾಯಿಗಳನ್ನು ದತ್ತು ಪಡೆಯಲು ಅರ್ಜಿ ಹಾಕಬಹುದೆಂದೂ, ಅವು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೆಂದೂ 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ನಾನು ಓದಿದ್ದೇನೆ. ಒಂದು ವಾರದ ಮಾತಿಗೆ ಮಾತ್ರ ಆಧಾರ ಇನ್ನೂ ಬಂದಿಲ್ಲ.

ನಾನು (9:10): ಅಣ್ಣ, ಆ ಮಾತು ಸರಿಯಲ್ಲ ಎನ್ನುವುದಕ್ಕೆ ನಮ್ಮ ಮನೆಯೇ ಸಾಕ್ಷಿ. ಕೆಂಚ ಒಂದು ವಾರದಲ್ಲಿ ಸಾಯಲಿಲ್ಲ, ಐದು ವರ್ಷ ಬದುಕಿತ್ತು. ಆ ಐದು ವರ್ಷದಲ್ಲಿ ಒಮ್ಮೆಯೂ ಬಚ್ಚಲೊಲೆಯ ಹತ್ತಿರ ಮಲಗಲಿಲ್ಲ. ಸಂಜೆ ಶಿವಮೊಗ್ಗದ ಬಸ್ಸಿನ ಸದ್ದು ಕೇಳಿದರೆ ಎದ್ದು ಬೇಲಿಬಾಗಿಲಿನ ಉಣುಗೋಲಿನವರೆಗೆ ಹೋಗಿ, ಬಸ್ಸು ದಾಟುವವರೆಗೆ ನಿಂತು ಬರುತ್ತಿತ್ತು. ಬೇರ್ಪಡಿಸಬೇಡಿ ಎನ್ನಲು ಸಾವಿನ ಹೆದರಿಕೆ ಯಾಕೆ ಬೇಕು, ಇಷ್ಟು ಸಾಲದೇ? ಚಿಕ್ಕಮ್ಮ ಎರಡನ್ನೂ ತರಲಿ. ಆದರೆ ಮೊದಲ ಕೆಲವು ವಾರ ನಾವ್ಯಾರೂ ಗುಂಪಾಗಿ ನೋಡಲು ಹೋಗುವುದು ಬೇಡ, ಮತ್ತು ಗೇಟಿನ ಚಿಲಕವನ್ನು ಈಗಲೇ ಸರಿಮಾಡಿಸಬೇಕು, ಏಕೆಂದರೆ ಹೆದರಿದ ನಾಯಿ ಹೊಸ ಮನೆಯಿಂದ ಓಡಿಹೋಗುವುದು ಹೆಚ್ಚಾಗಿ ಆ ಮೊದಲ ದಿನಗಳಲ್ಲೇ.

ದೊಡ್ಡಪ್ಪ (ಮಧ್ಯಾಹ್ನ 1:15): ಶಿವಮೊಗ್ಗಕ್ಕೆ ಬಂದ ಕರಿಯ ಹನ್ನೊಂದು ದಿನ ಮಂಚದಡಿಯಿಂದ ಹೊರಬರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕರೆತರುವಾಗ ಎರಡನ್ನೂ ಹಿಂದಿನ ಸೀಟಿನಲ್ಲಿ ಒಟ್ಟಿಗೇ ಕೂರಿಸಿ. ನಮ್ಮಲ್ಲಿ ಹಳೆಯ ಕಂಬಳಿಗಳಿವೆ, ಎರಡು ಕಳಿಸುತ್ತೇನೆ.

ಚಿಕ್ಕಪ್ಪ (1:22): ಒಂದು ಸಾಕು ಅಣ್ಣ, ದೊಡ್ಡದನ್ನು ಕಳಿಸಿ.