ಗಿಡ ಬರೆಯೋಕೆ ಅಂತ ಊರು ಸುತ್ತುವವರು ಇಲ್ಲಿ ಯಾರಾದರೂ ಇದ್ದೀರಾ?

ಭಾನುವಾರದ_ಕುಂಚ (ತುಮಕೂರು):
ಎಲ್ಲರಿಗೂ ನಮಸ್ಕಾರ. ಬ್ಯಾಂಕಿನಲ್ಲಿ ಕೆಲಸ, ರಜೆ ಸಿಕ್ಕಾಗ ಜಲವರ್ಣ. ಹೂ, ಗಿಡ ಬಿಟ್ಟು ಬೇರೇನೂ ಬರೆಯೋಕೆ ಮನಸ್ಸಾಗಲ್ಲ. ಇಷ್ಟು ದಿನ ಕುಂಡದಲ್ಲಿ ಬೆಳೆದದ್ದು, ಮಾರ್ಕೆಟ್‌ನಿಂದ ತಂದದ್ದು, ಇಲ್ಲಾ ಫೋನಲ್ಲಿ ತೆಗೆದ ಫೋಟೊ ನೋಡಿಕೊಂಡೇ ಬರೆದೆ. ಎಸಳಿನ ಲೆಕ್ಕ, ಎಲೆಯ ನರ ಎಲ್ಲ ಸರಿಯಾಗೇ ಇರುತ್ತೆ, ಆದರೂ ಚಿತ್ರ ಪಾಠಪುಸ್ತಕದ್ದರ ಹಾಗೆ ಕಾಣುತ್ತೆ. ಈ ಸಲ ಮಳೆಗಾಲದಲ್ಲಿ ರಜೆ ಹಾಕಿ ಶಿರಸಿ, ಯಲ್ಲಾಪುರದ ಕಡೆ ಹೋಗಿ ಕೂತು ಬರೆಯೋಣ ಅಂತಿದೀನಿ. ಮನೆಯಲ್ಲಿ "ಹೂವು ಇಲ್ಲಿಲ್ವಾ?" ಅಂತಾರೆ. ತಿರುಗಾಟದಿಂದ ನಿಜವಾಗಿ ಕೈ ಬದಲಾಗುತ್ತಾ?

ಬಿಸಿಲುಕೋಲು:
ಮಳೆಗಾಲದ ಶಿರಸಿಯಲ್ಲಿ ಜಲವರ್ಣವಾ! ಒಂದು ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹಾಕಿ, ಊಟ ಮುಗಿಸಿ ಬಂದರೂ ಒಣಗಿರಲ್ಲ. ಬಣ್ಣದ ಪೆನ್ಸಿಲ್ ಒಯ್ಯಿರಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣವನ್ನೂ.

ನಿವೃತ್ತ_ಡ್ರಾಯಿಂಗ್_ಮೇಷ್ಟ್ರು (ಸಿದ್ದಾಪುರ):
ಹೊರಡಿ ತಂಗೀ. ಗೌರಿ ಹೂವನ್ನೇ ತಗೊಳ್ಳಿ, ಚೌತಿ ಹೊತ್ತಿಗೆ ನಮ್ಮ ಕಡೆ ಬೇಲಿಯಲ್ಲಿ ಸಿಗ್ತದೆ. ಕೊಯ್ದು ತಂದು ಲೋಟದಲ್ಲಿಟ್ಟರೆ ಆರು ಎಸಳಿನ ಕೆಂಪು ಹೂವು, ಅಷ್ಟೇ. ಬೇಲಿ ಬುಡದಲ್ಲಿ ಕೂತು ನೋಡಿ. ಅದರ ಎಲೆಯ ತುದಿ ಸಪೂರಾಗಿ, ಸುರುಳಿ ಸುತ್ತಿ, ಪಕ್ಕದ ಲಂಟಾನದ ಕಡ್ಡಿಯನ್ನು ಹಿಡಿದಿರ್ತದೆ. ಬಳ್ಳಿ ನಿಂತಿರೋದೇ ಆ ಹಿಡಿತದಲ್ಲಿ. ಎಸಳು ಮೊದಲು ಹಸಿರು ಬೆರೆತ ಹಳದಿ, ಆಮೇಲೆ ತುದಿಯಿಂದ ಕೆಂಪೇರಿ, ಕೊನೆಗೆ ಪೂರ್ತಿ ಕೆಂಪು. ಮೂರೂ ಒಂದೇ ಬಳ್ಳಿಯಲ್ಲಿ ಕಾಣ್ತದೆ. ಶಲಾಕೆ, ಅಂದರೆ ಹೂವಿನ ನಡುವಿನ ಅಂಡಾಶಯದಿಂದ ಹೊರಡೋ ಕಡ್ಡಿ, ಬುಡದಲ್ಲೇ ಮಡಚಿ ಅಡ್ಡಕ್ಕೆ ಚಾಚಿರ್ತದೆ. ಇದನ್ನೆಲ್ಲ ಬರೀಬೇಕಾದರೆ ಬೇಲಿಯನ್ನೂ ಬರೀಬೇಕಾಗ್ತದೆ. ನಿಮ್ಮ ಚಿತ್ರದಲ್ಲಿ ಕಾಣೆಯಾಗಿರೋದು ಆ ಬೇಲಿಯೇ ಅಂತ ನನ್ನ ಗುಮಾನಿ. (ಗಡ್ಡೆ ವಿಷ, ಹುಷಾರು.)

ಮೇರಿಯಾನ್ ನಾರ್ತ್ ಅವರ ಚಿತ್ರಗಳನ್ನು ಹುಡುಕಿ ನೋಡಿ. 1830ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ನಲವತ್ತು ದಾಟಿದ ಮೇಲೆ ಹೊರಟು ಜಮೈಕಾ, ಬ್ರೆಜಿಲ್, ಬೋರ್ನಿಯೊ ಎಲ್ಲ ಸುತ್ತಿದರು. 1870ರ ದಶಕದ ಕೊನೆಗೆ ಭಾರತಕ್ಕೂ ಬಂದಿದ್ದರು. ಆಗಿನ ಸಸ್ಯಚಿತ್ರ ಅಂದರೆ ಸಾಮಾನ್ಯವಾಗಿ ಬಿಳಿ ಹಾಳೆಯ ಮೇಲೊಂದು ರೆಂಬೆ. ಇವರದು ತೈಲವರ್ಣ. ಗಿಡದ ಹಿಂದೆ ಅದರ ಗುಡ್ಡ, ಹೊಳೆ, ಎಷ್ಟೋ ಕಡೆ ಹಕ್ಕಿ, ಚಿಟ್ಟೆ. ಬೋರ್ನಿಯೊದ ಸರವಾಕ್‌ನ ಒಂದು ಹೂಜಿಗಿಡ (ಕೀಟ ಹಿಡಿಯೋ ಗಿಡ) ಇವರ ಚಿತ್ರದಿಂದಲೇ ಹೊರಗಿನವರ ಕಣ್ಣಿಗೆ ಬಿದ್ದು, ಇವರ ಹೆಸರಲ್ಲೇ ನೆಪೆಂಥಿಸ್ ನಾರ್ಥಿಯಾನ ಆಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸ್ವಂತ ಖರ್ಚಿನಲ್ಲಿ ಕಟ್ಟಿಸಿದ ಗ್ಯಾಲರಿ 1882ರಲ್ಲಿ ತೆರೆಯಿತು. 800ಕ್ಕೂ ಹೆಚ್ಚು ಚಿತ್ರ, ಗೋಡೆಯಲ್ಲಿ ಸಂದಿಯೇ ಇಲ್ಲ. ಫೋಟೊದಲ್ಲಿ ನೋಡಿದರೇ ನನಗೆ ಉಸಿರು ಕಟ್ತದೆ. ಒಂದೊಂದನ್ನೇ ನೋಡಿ.

ರಾಜಾಜಿನಗರ_ನಿವಾಸಿ:
ಮೇಷ್ಟ್ರೇ, ಅರ್ಧ ಒಪ್ಪಿದೆ. ನಮ್ಮ ರುಮಾಲೆ ಚನ್ನಬಸವಯ್ಯ (1910–1988) ಸ್ವಾತಂತ್ರ್ಯ ಹೋರಾಟ, ರಾಜಕೀಯ ಅಂತ ವರ್ಷಗಟ್ಟಲೆ ಕುಂಚ ಕೆಳಗಿಟ್ಟಿದ್ದವರು. ಮತ್ತೆ ಎತ್ತಿಕೊಂಡಾಗ ಬೆಂಗಳೂರಿನ ರಸ್ತೆ, ಪಾರ್ಕುಗಳ ಗುಲ್‌ಮೊಹರ್‌ಗಳನ್ನೇ ಸ್ಥಳದಲ್ಲಿ ಕೂತು ಬರೆದರು. ಬಣ್ಣ ಅಷ್ಟು ದಪ್ಪ, ಬಿಸಿಲು ಎದ್ದು ಬರುತ್ತೆ. ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಫೆಬ್ರವರಿ ಕೊನೆಗೆ ತುಮಕೂರಿನ ಸುತ್ತಲೇ ಎಲೆ ಉದುರಿಸಿ ನಿಂತ ಮುತ್ತುಗ ಹುಡುಕಿ. ತೊಟ್ಟಿನ ಕಡೆ ಕಪ್ಪು-ಕಂದು, ಅದರಿಂದ ಕಿತ್ತಳೆ ಕೊಕ್ಕು ಹೊರಟಿರುತ್ತೆ. ಫೋನಿನ ಫೋಟೊದಲ್ಲಿ ಎರಡೂ ಸೇರಿ ಬರೀ ಕಿತ್ತಳೆ ಮುದ್ದೆ.

ಭಾನುವಾರದ_ಕುಂಚ:
ಇಬ್ಬರಿಗೂ ಥ್ಯಾಂಕ್ಸ್, ಮುತ್ತುಗವೂ ಪಟ್ಟಿಗೆ ಸೇರಿತು. ಮೇಷ್ಟ್ರೇ, ಮಲೆನಾಡಿನ ಹಸಿರಿಗೆ ಯಾವ ಟ್ಯೂಬ್ ಇಟ್ಟುಕೊಳ್ಳಲಿ? ಹೂಕರ್ಸ್ ಗ್ರೀನ್ ಸಾಕಾ?

ನಿವೃತ್ತ_ಡ್ರಾಯಿಂಗ್_ಮೇಷ್ಟ್ರು:
ಹಸಿರಿನ ಟ್ಯೂಬೇ ಬೇಡ, ಕಲಸಿಕೊಳ್ಳಿ. ಹೂಕರ್ಸ್ ಗ್ರೀನ್ ಕೂಡ ಮೊದಲು ಕಲಸಿದ ಬಣ್ಣವೇ. ಹಣ್ಣುಗಳ ಚಿತ್ರಕ್ಕೆ ಹೆಸರಾಗಿದ್ದ ವಿಲಿಯಂ ಹೂಕರ್ ಎಲೆಗಳಿಗೆ ಅಂತ ಪ್ರಷ್ಯನ್ ನೀಲಿಗೆ ಗ್ಯಾಂಬೋಜ್ ಹಳದಿ ಸೇರಿಸುತ್ತಿದ್ದ. ಗ್ಯಾಂಬೋಜ್ ಅಂದರೆ ಒಂದು ಮರದ ಅಂಟು. ಆ ಮರವೂ ನಮ್ಮ ಮುರುಗಲು, ಉಪ್ಪಾಗೆಯ ಕುಲದ್ದೇ! ಈಗ ಅಂಗಡಿಯಲ್ಲಿ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ಕೃತಕ, ಪರವಾಗಿಲ್ಲ. ಒಂದು ಹಳದಿ, ಎರಡು ನೀಲಿ, ಒಂದು ಕೆಂಪು ಸಾಕು. ಕೆಂಪು ಯಾಕೆಂದರೆ ಕಾಡಿನ ಹಸಿರಿಗೆ ಅದು ಚೂರು ಬೀಳದಿದ್ದರೆ ಪ್ಲಾಸ್ಟಿಕ್ ಆಗ್ತದೆ. ನಾಗಸಂಪಿಗೆಯ ಚಿಗುರಂತೂ ಅಚ್ಚ ಕೆಂಪು. ಅದು ಮಳೆಗಾಲದಲ್ಲಿ ಸಿಗೋದಿಲ್ಲ, ಬೇಸಗೆ ಶುರುವಿಗೆ ಇನ್ನೊಂದು ರಜೆ ಉಳಿಸಿಟ್ಟುಕೊಳ್ಳಿ.