‘ತಿಪಟೂರು ಶುದ್ಧ ಗಾಣದೆಣ್ಣೆ’ ಹೆಸರು ಯಾರದ್ದು?

ಪ್ರಶ್ನೆ (ತಿಪಟೂರಿನಿಂದ): ಮೇಡಂ, ನಮಸ್ಕಾರ. 2017ರಿಂದ ಕೊಬ್ಬರಿ ಎಣ್ಣೆ ತೆಗೆದು ‘ತಿಪಟೂರು ಶುದ್ಧ ಗಾಣದೆಣ್ಣೆ’ ಅಂತ ಮಾರ್ತಿದ್ದೀವಿ. ಜಿಎಸ್‌ಟಿ, ಆಹಾರ ಸುರಕ್ಷತೆ ಲೈಸೆನ್ಸ್ ಎಲ್ಲ ಇದೇ ಹೆಸರಲ್ಲಿದೆ. ಈಗ ಇದೇ ಊರಲ್ಲಿ ಒಬ್ರು ಅದೇ ಹೆಸರು, ಅದೇ ಹಸಿರು ಲೇಬಲ್, ಅದೇ ತೆಂಗಿನಮರ ಹಾಕ್ಕೊಂಡು ಶುರು ಮಾಡಿದ್ದಾರೆ. ನಿಲ್ಲಿಸೋಕಾಗುತ್ತಾ?

ಉತ್ತರ (ವಕೀಲರು, ತುಮಕೂರು): ಲೈಸೆನ್ಸ್ ಇರೋದು ವ್ಯಾಪಾರ ಮಾಡೋಕೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಹೆಸರಿನ ಹಕ್ಕು ಬರಲ್ಲ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಜನ ಇಲ್ಲೇ ಎಡವಿರುತ್ತಾರೆ.

ನಿಮ್ಮ ಸರಕನ್ನು ಬೇರೆಯವರ ಸರಕಿನಿಂದ ಬೇರ್ಪಡಿಸಿ ತೋರಿಸುವ ಹೆಸರು, ಚಿತ್ರ, ಲೇಬಲ್, ಬಾಟಲಿಯ ಆಕಾರ: ಇದು ಟ್ರೇಡ್‌ಮಾರ್ಕ್. ನಿಮ್ಮ ಹೆಸರನ್ನು ಬಿಡಿಸಿ ನೋಡಿ. ತಿಪಟೂರು ಊರು, ಶುದ್ಧ ಗುಣ, ಗಾಣದೆಣ್ಣೆ ಸರಕು. ನಿಮ್ಮನ್ನು ತೋರಿಸುವ ಪದ ಯಾವುದಿದೆ? 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಇಂಥ ಬರೀ ವರ್ಣನೆಯ ಹೆಸರುಗಳನ್ನು ನೋಂದಾಯಿಸಬೇಡಿ ಅನ್ನುತ್ತದೆ. ಗಾಣ ಇಟ್ಟವರೆಲ್ಲ ಬಳಸಬೇಕಾದ ಮಾತನ್ನು ಒಬ್ಬರಿಗೇ ಬರೆದುಕೊಡುವುದು ನ್ಯಾಯವೂ ಅಲ್ಲ ಬಿಡಿ. ಆ ಹೆಸರು ಕೇಳಿದ ಕೂಡಲೇ ಗಿರಾಕಿಗೆ ನೀವೇ ನೆನಪಾಗುವಷ್ಟು ಬಳಕೆಯಾಗಿದೆ ಅಂತ ಅರ್ಜಿ ಹಾಕುವ ಮೊದಲಿನ ದಾಖಲೆಗಳಿಂದ ತೋರಿಸಿದರೆ ವಿನಾಯಿತಿ ಇದೆ. ಸುಲಭವಲ್ಲ.

ನಿಮ್ಮ ಬಲ ಇರುವುದು ಲೇಬಲ್ಲಿನಲ್ಲಿ. ನೋಂದಣಿ ಇಲ್ಲದಿದ್ದರೂ ‘ಪಾಸಿಂಗ್ ಆಫ್’ ದಾವೆ ಹೂಡಬಹುದು, ಅಂದರೆ ತಮ್ಮ ಸರಕನ್ನು ನಿಮ್ಮದೆಂದು ನಂಬಿಸಿ ಮಾರುತ್ತಿದ್ದಾರೆ ಅನ್ನುವ ದಾವೆ. ಮಾರುಕಟ್ಟೆಯಲ್ಲಿ ನಿಮಗೆ ಹೆಸರಿತ್ತು, ಗಿರಾಕಿ ಮೋಸಹೋಗುವಂತಿದೆ, ನಿಮಗೆ ನಷ್ಟವಾಗಿದೆ ಅಥವಾ ಆಗಲಿದೆ, ಈ ಮೂರನ್ನೂ ತೋರಿಸಬೇಕು. ಲೇಬಲ್ ಅಚ್ಚು ಹಾಕಿಸಿದ ಪ್ರೆಸ್ಸಿನ ಬಿಲ್ಲು, ಹಳೇ ಮಾರಾಟದ ಬಿಲ್ಲು, ಜಾಹೀರಾತು ಎಲ್ಲ ಹುಡುಕಿಡಿ. ಮೊದಲು ನೋಟಿಸ್ ಕೊಡಿ. ಕೇಳದಿದ್ದರೆ ಜಿಲ್ಲಾ ನ್ಯಾಯಾಲಯಕ್ಕೇ ಹೋಗಬೇಕು, ಮುನ್ಸಿಫ್ ಕೋರ್ಟಿಗೆ ಈ ಅಧಿಕಾರ ಇಲ್ಲ.

ಪ್ರಶ್ನೆ (ಅವರೇ): ಅಲ್ಲೀತನಕ ಆರ್ ಅಕ್ಷರದ ಸುತ್ತ ಗುಂಡಗೆ ಗೆರೆ ಇರೋ ಮಾರ್ಕ್ ಹಾಕ್ಕೊಳ್ಳಿ ಅಂತ ಪ್ರೆಸ್ಸಿನವರು ಹೇಳ್ತಿದ್ದಾರೆ.

ಉತ್ತರ: ಬೇಡವೇ ಬೇಡ. ಅದು ನೋಂದಣಿ ಆದವರಿಗೆ ಮಾತ್ರ, ಸುಳ್ಳಾಗಿ ಹಾಕಿದರೆ ದಂಡ. ‘ಟಿಎಂ’ (ಟ್ರೇಡ್‌ಮಾರ್ಕ್ ಅನ್ನುವುದರ ಚಿಕ್ಕ ರೂಪ) ಹಾಕಿ, ಅದಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ (ಗುಬ್ಬಿಯಿಂದ): ಅಕ್ಕ, ನಾವೂ ಎಣ್ಣೆಯವರೇ. ಅಡುಗೆಗೂ ಮಾರ್ತೀವಿ, ತಲೆಗೆ ಹಚ್ಚೋಕೂ ಮಾರ್ತೀವಿ. ಒಂದೇ ಅರ್ಜಿ ಸಾಕಾ? ಚೆನ್ನೈಗೆ ಹೋಗ್ಬೇಕಂತೆ?

ಉತ್ತರ: ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ, ಆದರೆ ಆನ್‌ಲೈನಲ್ಲೇ ಹಾಕಬಹುದು. ಸರಕು, ಸೇವೆ ಎಲ್ಲ ಸೇರಿ 45 ವರ್ಗಗಳಿವೆ. ಅಡುಗೆ ಎಣ್ಣೆ 29ನೇ ವರ್ಗ, ತಲೆಗೆ ಹಚ್ಚುವುದು 3ನೇ ವರ್ಗ. ಒಂದೇ ಅರ್ಜಿಯಲ್ಲಿ ಎರಡನ್ನೂ ಸೇರಿಸಬಹುದು, ಶುಲ್ಕ ಮಾತ್ರ ವರ್ಗಕ್ಕಿಷ್ಟು: ಒಬ್ಬ ವ್ಯಕ್ತಿಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನಲ್ಲಿ 4,500 ರೂಪಾಯಿ. ಟ್ರೇಡ್‌ಮಾರ್ಕ್ ಕಚೇರಿಯ ಜರ್ನಲ್ಲಿನಲ್ಲಿ ಅರ್ಜಿ ಪ್ರಕಟವಾದ ಮೇಲೆ 4 ತಿಂಗಳೊಳಗೆ ಯಾರು ಬೇಕಾದರೂ ತಕರಾರು ಎತ್ತಬಹುದು. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಿಸುತ್ತಾ ಹೋಗಬಹುದು.

ತಿಪಟೂರಿನವರಿಗೆ ಇನ್ನೊಂದು ಮಾತು. ಸರಕಿಗೆ ಸಂಬಂಧವೇ ಇಲ್ಲದ ಹೊಸ ಹೆಸರೊಂದನ್ನು ಆರಿಸಿ ದೊಡ್ಡದಾಗಿ ಹಾಕಿ, ‘ತಿಪಟೂರು ಗಾಣದೆಣ್ಣೆ’ ಅನ್ನುವುದನ್ನು ಕೆಳಗೆ ಸಣ್ಣಗೆ ಬರೆಯಿರಿ. ಹಸಿರು ಲೇಬಲ್ ಬದಲಿಸಬೇಡಿ, ದಾವೆಗೆ ಅದೇ ಆಧಾರ. ಹೊಸ ಹೆಸರಿಗೊಂದು, ಲೇಬಲ್ಲಿಗೊಂದು ಬೇರೆ ಬೇರೆ ಅರ್ಜಿ ಹಾಕಿ. ಅದಕ್ಕೂ ಮುಂಚೆ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಆ ಹೆಸರು ಹುಡುಕಿ ನೋಡಿ, ಅದಕ್ಕೆ ದುಡ್ಡಿಲ್ಲ. ಎದುರಿನವರು ಆಗಲೇ ಅರ್ಜಿ ಹಾಕಿದ್ದಾರಾ ಅನ್ನುವುದೂ ಅಲ್ಲೇ ಸಿಗುತ್ತದೆ.