ಸಿಸರ್ ಲಿಫ್ಟ್ ಮೇಲಕ್ಕೆ ಏರಿರುವಾಗಲೇ ಓಡಿಸಬಹುದೇ?

ಪ್ರಶ್ನೆ: ಸಿಸರ್ ಲಿಫ್ಟ್, ಅಂದರೆ ಕತ್ತರಿಯಂತೆ ಬಿಚ್ಚಿಕೊಂಡು ವೇದಿಕೆಯನ್ನು ಮೇಲೆತ್ತುವ ಗಾಲಿಯಂತ್ರದ ಮೇಲೆ ನಿಂತು ಗೋದಾಮಿನ ದೀಪಗಳನ್ನು ಬದಲಿಸುವ ಕೆಲಸ ನನ್ನದು. ಒಂದು ದೀಪದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ವೇದಿಕೆಯನ್ನು ಕೆಳಗಿಳಿಸಬೇಕೆಂದು ಮೇಲ್ವಿಚಾರಕರ ಪಟ್ಟು. ಯಂತ್ರವೇನೋ ಮೇಲಿದ್ದಾಗಲೂ ನಿಧಾನವಾಗಿ ಚಲಿಸುತ್ತದೆ. ಮತ್ತೇಕೆ ಈ ಉಸಾಬರಿ?

ಉತ್ತರ 1: ಚಲಿಸುತ್ತದೆ ಎಂದ ಮಾತ್ರಕ್ಕೆ ಓಡಿಸಲೇಬೇಕೆಂದೇನೂ ಇಲ್ಲ. ಕೈಪಿಡಿ ಒಪ್ಪಿದರೂ ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಚರಂಡಿಯ ಮುಚ್ಚಳದ ಮೇಲೆ ಗಾಲಿ ತುಸು ಕುಸಿದರೂ ಮೇಲೆ ವೇದಿಕೆ ಹಲವು ಪಟ್ಟು ವಾಲುತ್ತದೆ. ವೇದಿಕೆ ಏರಿದಾಗ, ಗಾಲಿ ಗುಂಡಿಗೆ ಇಳಿದರೂ ಯಂತ್ರ ಉರುಳದಂತೆ ತಡೆಯಲು ಗಾಲಿಗಳ ನಡುವೆ ಕಬ್ಬಿಣದ ತಡೆಪಟ್ಟಿಗಳು ಇಳಿಯುವುದನ್ನು ನೋಡಿದ್ದೀರಲ್ಲ? ಅವುಗಳಡಿ ಮುರಿದ ಪ್ಯಾಲೆಟ್‌ನ ಚೂರು ಸಿಕ್ಕಿಕೊಂಡು ಅವು ಪೂರ್ತಿ ಇಳಿಯದಿದ್ದರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ. ಕೆಟ್ಟಿದೆ ಎಂದು ಬೈಯಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ವಾಲಿಕೆಯ ಅಲಾರಂ ಕೂಗಿದರೆ ಮೊದಲು ವೇದಿಕೆಯನ್ನು ಇಳಿಸಿ.

ಉತ್ತರ 2: ನನಗೆ ಹೆಚ್ಚು ಭಯ ಛಾವಣಿಯ ತೊಲೆಯದು. ತೊಲೆಗೂ ಕಟಕಟೆಗೂ ನಡುವೆ ಎದೆ ಸಿಕ್ಕಿಕೊಂಡರೆ ಮೈಭಾರವೆಲ್ಲ ನಿಯಂತ್ರಣದ ಹಿಡಿಯ ಮೇಲೆಯೇ ಬಿದ್ದು ಯಂತ್ರ ನಿಲ್ಲದೆ ಇನ್ನಷ್ಟು ಒತ್ತಬಹುದು. ಹೀಗಾಗಿ ಕೆಳಗೆ ಒಬ್ಬರು ನಿಂತಿರಲಿ, ತುರ್ತು ಇಳಿಕೆಯ ಹಿಡಿ ಎಲ್ಲಿದೆಯೆಂದು ಅವರಿಗೆ ತಿಳಿದಿರಲಿ. ಕಟಕಟೆಯ ಸರಳಿನ ಮೇಲೆ ಕಾಲಿಡುವ ಚಾಳಿ ಇದ್ದರೆ ಅದನ್ನೂ ಬಿಡಿ.

ಪ್ರಶ್ನೆ ಕೇಳಿದವರು: ನಮ್ಮ ಯಂತ್ರದಲ್ಲಿ ಆ ಹಿಡಿ ಹಿಂಬದಿಯಲ್ಲಿದೆ. ಗೋಡೆಗೆ ಒತ್ತಿ ನಿಲ್ಲಿಸಿದರೆ ಕೈಗೇ ಸಿಗುವುದಿಲ್ಲ! ನಾಳೆಯಿಂದ ತಿರುಗಿಸಿ ನಿಲ್ಲಿಸುತ್ತೇನೆ.